ಕೆಂಗಲ್ ಹನುಮಂತಯ್ಯನವರೂ ಮತದಾರರ ಮುನಿಸೂ

ಕೆಲವು ವರ್ಷಗಳ ಹಿಂದೆ ರಾಜ್ಯೋತ್ಸವದ ನಿಮಿತ್ತ ಉತ್ತರ ಕರ್ನಾಟಕದ ಒಂದು ಊರಿನ ಪ್ರಸಾದನಿಲಯಕ್ಕೆ ನಮ್ಮನ್ನು ಕರೆದಿದ್ದರು. ಕರ್ನಾಟಕದ ಏಕೀಕರಣವನ್ನು ಕುರಿತು ವಿದ್ಯಾರ್ಥಿಗಳಿಗೆ ನಾಲ್ಕು ಮಾತು ಹೇಳಬೇಕೆಂಬುದು ಅವರ ಅಪೇಕ್ಷೆ. ಸಭಾಂಗಣದ ಗೋಡೆಯ ಮೇಲೆ ಏಕೀಕರಣಕ್ಕಾಗಿ ದುಡಿದ ಮಹನೀಯರ ಭಾವಚಿತ್ರಗಳನ್ನು ಸಾಲಾಗಿ ತೂಗುಹಾಕಿದ್ದರು. ಆಲೂರು ವೆಂಕಟರಾಯರಿದ್ದರು, ಸಿದ್ದಪ್ಪ ಕಂಬಳಿಯವರಿದ್ದರು, ಗುದ್ಲೆಪ್ಪ ಹಳ್ಳಿಕೇರಿಯವರಿದ್ದರು, ಅಂದಾನಪ್ಪ ದೊಡ್ಡಮೇಟಿಯವರಿದ್ದರು, ಉಪವಾಸ ಕುಳಿತ ಅದರಗುಂಚಿಯ ಶಂಕರಗೌಡರಿದ್ದರು, ನಿಜಲಿಂಗಪ್ಪನವರಂತೂ ನಡುಮಧ್ಯದಲ್ಲಿ ದೊಡ್ಡ ಚೌಕಟ್ಟಿನಲ್ಲಿದ್ದರು. ಕೆಂಗಲ್ ಹನುಮಂತಯ್ಯನವರ ಚಿತ್ರ ಮಾತ್ರ ಅಲ್ಲಿರಲಿಲ್ಲ. ನಿಲಯದ ವ್ಯವಸ್ಥಾಪಕರನ್ನು ಮೆಲ್ಲಗೆ ಕೇಳಿದೆವು. ಅವರು ಸಂಕೋಚವಿಲ್ಲದೆ, "ಅವರು ಮೈಸೂರು ಕಡೆಯವರಲ್ಲವೇ ಬುದ್ಧೀ, ವಿಧಾನಸೌಧ ಕಟ್ಟಿಸಿದವರು" ಎಂದರು. ಅಷ್ಟರಲ್ಲಿ ಸ್ವಾಗತಗೀತೆ ಮೊದಲಾಯಿತು. ಮಾತು ಅಲ್ಲಿಗೇ ನಿಂತಿತು.

ಆ ಮಾತು ನಮ್ಮ ಮನಸ್ಸಿನಲ್ಲಿ ಬೇರೊಂದು ಮಾತನ್ನು ಎಬ್ಬಿಸಿತು. ನಾವಿನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದಾಗ, ಮಠದಲ್ಲಿ ವ್ಯಾಸಂಗ ಮುಗಿಸಿ ಹಸ್ತಪ್ರತಿಗಳನ್ನು ಅರಸುತ್ತ ಹಳ್ಳಿಹಳ್ಳಿ ಅಲೆಯುತ್ತಿದ್ದ ಕಾಲದಲ್ಲಿ, ರಾಮನಗರ ತಾಲ್ಲೂಕಿನ ಒಂದು ಹಳ್ಳಿಯ ವೃದ್ಧ ಗೌಡರೊಬ್ಬರ ಜಗಲಿಯ ಮೇಲೆ ಒಂದು ರಾತ್ರಿ ಕಳೆಯುವ ಪ್ರಸಂಗ ಒದಗಿತ್ತು. ಊಟವಾದ ಮೇಲೆ ಮಾತು ರಾಜಕಾರಣದ ಕಡೆಗೆ ತಿರುಗಿತು. 1952ರಲ್ಲಿ ಹನುಮಂತಯ್ಯನವರಿಗೆ ಮತ ಹಾಕಲು ಗಾಡಿ ಕಟ್ಟಿಕೊಂಡು ಹೋದವರು ಅವರು. ಎಲೆಯಡಿಕೆಯ ಚೀಲ ಬಿಚ್ಚುತ್ತ ಹೀಗೆಂದರು: "ಆವಯ್ಯ ನಮ್ಮೋನೇ ಕಣ್ ಅಯ್ನೋರೆ. ಸುಳ್ಳು ಯಾಕೆ, ಅಂಥಾ ಗಂಡಸು ಇನ್ನೊಬ್ಬ ಹುಟ್ಟಿಲ್ಲ. ಆದ್ರೆ ನಮ್ಮ ಮನೆ ಬೀಗದ ಕೈ ತಗೊಂಡೋಗಿ ನಿಮ್ಮೋರ ಕೈಗೆ ಕೊಟ್ಬುಟ್ಟ." 'ನಿಮ್ಮೋರು' ಎಂದರೆ ಯಾರು ಎಂಬುದನ್ನು ಅವರು ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಕೊರಳಿನ ಕರಡಿಗೆ ಅವರ ಕಣ್ಣೆದುರಿಗೇ ಇತ್ತು.

ಒಂದು ಕಡೆ ಬೀಗದ ಕೈ ಕೊಟ್ಟುಬಿಟ್ಟನೆಂಬ ಮುನಿಸು ಮೂವತ್ತು ವರ್ಷ ಕಳೆದರೂ ಆರಿರಲಿಲ್ಲ. ಇನ್ನೊಂದು ಕಡೆ, ಆ ಕೈಯನ್ನು ಪಡೆದವರ ಮನೆಯ ಗೋಡೆಯ ಮೇಲೆ ಕೊಟ್ಟವನಿಗೊಂದು ಮೊಳೆಯೂ ಇರಲಿಲ್ಲ. ಈ ಸಂಗತಿಯನ್ನು ನಮ್ಮ ಓದುಗ ಬಂಧುಗಳೊಡನೆ ಕೊಂಚ ವಿವರವಾಗಿ ವಿಚಾರ ಮಾಡಬೇಕೆಂದು ಈ ಬರಹಕ್ಕೆ ತೊಡಗಿದ್ದೇವೆ.

ಹನುಮಂತಯ್ಯನವರು 1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಒಕ್ಕಲಿಗರ ಮನೆಯಲ್ಲಿ ಜನಿಸಿದರು. ಚನ್ನಪಟ್ಟಣದ ದಾರಿಯಲ್ಲಿರುವ ಕೆಂಗಲ್ಲಿನ ಆಂಜನೇಯ ಅವರ ಆರಾಧ್ಯದೈವ. ಆ ಸ್ಥಳದ ಹೆಸರು ಅವರ ಹೆಸರಿಗೆ ಸೇರಿಕೊಂಡು ಒಂದೇ ಆಯಿತು. ವಕೀಲಿ ವೃತ್ತಿ ಹಿಡಿದು, ಕಾಂಗ್ರೆಸ್ಸು ಸೇರಿ, ಸೆರೆಮನೆ ಕಂಡು, 1947ರ ಮೈಸೂರು ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾದರು. ದೇಶದ ಸಂವಿಧಾನ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳಲ್ಲೊಬ್ಬರಾಗಿ ಕುಳಿತರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿಗೆ ದೊರೆತವು, ಹನುಮಂತಯ್ಯನವರು ಮುಖ್ಯಮಂತ್ರಿಗಳಾದರು. ಹಳೆಯ ಮೈಸೂರಿನ ಒಕ್ಕಲು ಮಕ್ಕಳಿಗೆ ಆ ದಿನ ಸಾಮಾನ್ಯ ದಿನವಾಗಿರಲಿಲ್ಲ. ಅರಮನೆ, ದಿವಾನರ ಕಚೇರಿ, ಪೇಟೆಯ ವಿದ್ಯಾವಂತರು ಇವರ ಕೈಯಲ್ಲಿದ್ದ ಆಡಳಿತ ತಮ್ಮ ಮಣ್ಣಿನ ಮಗನ ಕೈಗೆ ಬಂದಿತೆಂದು ಅವರು ಸಂಭ್ರಮಿಸಿದರು. ಆಜಾನುಬಾಹು ವ್ಯಕ್ತಿತ್ವ, ನಿರ್ಭಿಡೆಯ ಮಾತು, ಯಾರಿಗೂ ಬಾಗದ ಸ್ವಭಾವ ಆ ಅಭಿಮಾನವನ್ನು ಇಮ್ಮಡಿಗೊಳಿಸಿದವು. (ಬಾಗದ ಸ್ವಭಾವವೇ ಮುಂದೆ ಅವರಿಗೆ ಮುಳುವಾಯಿತೆಂಬುದೂ ಅಷ್ಟೇ ನಿಜ.)

ಅದೇ ಹೊತ್ತಿಗೆ ಕನ್ನಡ ನಾಡನ್ನು ಒಂದುಗೂಡಿಸಬೇಕೆಂಬ ಕೂಗು ಉತ್ತರದಲ್ಲಿ ಕಾವೇರಿತ್ತು. 1953ರ ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಜನರ ಸಹನೆಯ ಕಟ್ಟೆಯೊಡೆಯಿತು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು. ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇವರನ್ನೊಳಗೊಂಡ ರಾಜ್ಯ ಪುನರ್‌ವಿಂಗಡಣಾ ಆಯೋಗವನ್ನು ನೇಮಿಸಿತು. ಧಾರವಾಡ, ಬಿಜಾಪುರ, ಕಲಬುರಗಿ, ರಾಯಚೂರುಗಳ ಕನ್ನಡಿಗರು ಈ ಆಯೋಗದ ದಾರಿಯನ್ನು ಕಾತರದಿಂದ ಕಾಯ್ದರು.

ಹಳೆಯ ಮೈಸೂರಿನಲ್ಲಿ ಕಾತರವಿರಲಿಲ್ಲ, ಕಳವಳವಿತ್ತು. ಅದನ್ನು ಬರೀ ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮೈಸೂರಿನವರಿಗೆ ಕನ್ನಂಬಾಡಿ ಕಟ್ಟೆಯಿತ್ತು, 1902ರಿಂದಲೇ ಶಿವನಸಮುದ್ರದ ವಿದ್ಯುತ್ತಿತ್ತು, 1916ರಿಂದ ತಮ್ಮದೇ ವಿಶ್ವವಿದ್ಯಾನಿಲಯವಿತ್ತು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿತ್ತು. ಮುಂಬಯಿ ಮತ್ತು ಹೈದರಾಬಾದಿನ ಆಡಳಿತಗಳಲ್ಲಿ ಅಂಚಿಗೆ ತಳ್ಳಲ್ಪಟ್ಟ ಜಿಲ್ಲೆಗಳನ್ನು ಕೂಡಿಸಿಕೊಂಡರೆ ಈ ಉಳಿತಾಯವೆಲ್ಲ ಅತ್ತ ಹರಿದುಹೋಗುವುದೆಂಬ ಲೆಕ್ಕಾಚಾರ ಹುಟ್ಟಿತು. ಆರ್ಥಿಕ ಪರಿಣಾಮಗಳನ್ನು ಪರಿಶೀಲಿಸಲು ಮೈಸೂರು ಸರ್ಕಾರವೇ ಶೇಷಾದ್ರಿ ಸಮಿತಿಯನ್ನು ನೇಮಿಸಿತ್ತು. ಕನ್ನಡಕ್ಕೆ ಎರಡು ರಾಜ್ಯಗಳಿದ್ದರೆ ತಪ್ಪೇನು ಎಂದು ಬಹಿರಂಗವಾಗಿ ಕೇಳುವ ಶಾಸಕರಿದ್ದರು.

ಇದರ ಕೆಳಗೆ ಇನ್ನೊಂದು ಲೆಕ್ಕವಿತ್ತು. ಅದನ್ನು ಸಭೆಗಳಲ್ಲಿ ತಗ್ಗಿದ ದನಿಯಲ್ಲಿಯೂ ಜಗಲಿಗಳಲ್ಲಿ ಎತ್ತರದ ದನಿಯಲ್ಲಿಯೂ ಆಡುತ್ತಿದ್ದರು. ಅದು ಜಾತಿಯ ಲೆಕ್ಕ. 1955ರ ಸೆಪ್ಟೆಂಬರ್ 30ರಂದು ಸಲ್ಲಿಕೆಯಾದ ಆಯೋಗದ ವರದಿಯೇ ಇದನ್ನು ಮುಚ್ಚುಮರೆಯಿಲ್ಲದೆ ಎತ್ತಿಕೊಂಡಿದೆ. ಮೈಸೂರಿನ ಹೊರಗಿನ ಕನ್ನಡ ಪ್ರದೇಶಗಳಲ್ಲಿ ಲಿಂಗಾಯತರು ಶೇಕಡಾ 35ರಿಂದ 40ರಷ್ಟು, ಮೈಸೂರಿನಲ್ಲಿ ಒಕ್ಕಲಿಗರು ಶೇಕಡಾ 29ಕ್ಕೆ ತುಸು ಕಡಿಮೆ. ಕೂಡಿದ ನಾಡಿನಲ್ಲಿ ಲಿಂಗಾಯತರು ಶೇಕಡಾ 20ಕ್ಕಿಂತ ತುಸು ಹೆಚ್ಚು, ಒಕ್ಕಲಿಗರು 13ರಿಂದ 14, ಹರಿಜನರು 17ರಿಂದ 18 ಆಗುವರೆಂದು ಅಂದಾಜು ಮಾಡಿ, ಯಾವ ಒಂದು ಜನಾಂಗವೂ ಮಿಕ್ಕವರ ಮೇಲೆ ಸವಾರಿ ಮಾಡುವಷ್ಟು ದೊಡ್ಡದಾಗದೆಂದು ಆಯೋಗ ಸಮಾಧಾನ ಹೇಳಿತು. ಆದರೆ ರಾಮನಗರದ ಗೌಡರು ಓದಿಕೊಂಡದ್ದು ಸಮಾಧಾನವನ್ನಲ್ಲ, ಅಂಕಿಗಳನ್ನು. ಇಪ್ಪತ್ತೊಂಬತ್ತು ಇದ್ದದ್ದು ಹದಿನಾಲ್ಕಾಗುವುದು ಯಾರಿಗೆ ತಾನೆ ತಿಳಿಯದು?

ಇಂಥ ಹೊತ್ತಿನಲ್ಲಿ ಮೈಸೂರಿನ ಮತದಾರರು ತಮ್ಮ ಮುಖ್ಯಮಂತ್ರಿಯಿಂದ ಏನನ್ನು ನಿರೀಕ್ಷಿಸಿದರೆಂಬುದನ್ನು ಹೇಳಬೇಕಾಗಿಲ್ಲ. ತಮ್ಮವನು ತಮ್ಮ ಕಡೆಗೇ ನಿಲ್ಲುವನೆಂದು ನಂಬಿದರು. ಉತ್ತರದವರೂ ಹಾಗೆಯೇ ಎಣಿಸಿ ಅವರನ್ನು ಅನುಮಾನದಿಂದ ನೋಡುತ್ತಿದ್ದರು. ಆಯೋಗದ ವರದಿಯು ಮೈಸೂರು ವಿಧಾನಸಭೆಯ ಮುಂದೆ ಚರ್ಚೆಗೆ ಬಂದಾಗ ಹನುಮಂತಯ್ಯನವರು ಎದ್ದುನಿಂತು ಏಕೀಕರಣದ ಪರವಾಗಿ ವಾದಿಸಿದರು. ತಮ್ಮ ಪಕ್ಷದ, ತಮ್ಮ ಸೀಮೆಯ, ತಮ್ಮ ಜನಾಂಗದ ಅನೇಕ ಶಾಸಕರು ಎದುರು ಬೆಂಚಿನವರಿಗಿಂತ ಹೆಚ್ಚು ಕಟುವಾಗಿ ಪ್ರತಿಭಟಿಸುತ್ತಿರುವಾಗಲೇ ಹಾಗೆ ವಾದಿಸಿದರು. ಇನ್ನೊಬ್ಬ ಒಕ್ಕಲಿಗ ಮನೆತನದ ಮಹನೀಯರು, ಕುವೆಂಪು, ವಿದ್ಯಾಪೀಠದಲ್ಲಿದ್ದುಕೊಂಡೇ ಅದೇ ಪಕ್ಷವನ್ನು ಹಿಡಿದರು. ಕವಿಗೆ ಬೈಗುಳ ಸಿಕ್ಕೀತು, ಅವನ ಕಾವ್ಯವನ್ನು ಯಾರೂ ಕಿತ್ತುಕೊಳ್ಳಲಾರರು. ಮುಖ್ಯಮಂತ್ರಿಯ ಸಂಗತಿ ಬೇರೆ. ಅವನ ಕುರ್ಚಿಗೆ ಶಾಸಕರ ಕೈಗಳೇ ಕಾಲುಗಳು.

ಆ ಕಾಲುಗಳು ಅಲುಗಾಡಿದವು. 1956ರ ಆಗಸ್ಟಿನಲ್ಲಿ ತಮ್ಮ ಶಾಸಕಾಂಗ ಪಕ್ಷದ ವಿಶ್ವಾಸವನ್ನು ಕಳೆದುಕೊಂಡು ಅವರು ರಾಜೀನಾಮೆಯಿತ್ತರು. ಏಕೀಕರಣವೊಂದೇ ಇದಕ್ಕೆ ಕಾರಣವೆಂದು ನಾವು ಹೇಳಲಾರೆವು. ವಿಧಾನಸೌಧಕ್ಕೆ ಸುರಿದ ಹಣದ ಬಗೆಗೆ ಅಸಮಾಧಾನವಿತ್ತು, ಸಹೋದ್ಯೋಗಿಗಳನ್ನು ಅವರು ಲೆಕ್ಕಿಸುತ್ತಿರಲಿಲ್ಲವೆಂಬ ದೂರಿತ್ತು. ಆದರೆ ಹಳೆಯ ಮುನಿಸುಗಳಿಗೆಲ್ಲ ಏಕೀಕರಣದ ಮುನಿಸು ಕೂಡಿಕೊಂಡದ್ದು ನಿಜ. ಆಗಸ್ಟ್ 19ರಂದು ಕಡಿದಾಳು ಮಂಜಪ್ಪನವರು ಅಧಿಕಾರ ವಹಿಸಿಕೊಂಡು ಎರಡೂವರೆ ತಿಂಗಳು ಆಳಿದರು. ನವೆಂಬರ್ 1ರಂದು 19 ಜಿಲ್ಲೆಗಳ, 1951ರ ಜನಗಣತಿಯಂತೆ ಸುಮಾರು 1 ಕೋಟಿ 94 ಲಕ್ಷ ಜನರ ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಚಿತ್ರದುರ್ಗದ ವಕೀಲರಾದ ಎಸ್. ನಿಜಲಿಂಗಪ್ಪನವರು ಅದರ ಮುಖ್ಯಮಂತ್ರಿಗಳಾದರು. ತಾನು ಕಟ್ಟಿಸಿದ ಭವ್ಯ ಸೌಧದಲ್ಲಿ, ತಾನು ವಾದಿಸಿ ಒಪ್ಪಿಸಿದ ರಾಜ್ಯದಲ್ಲಿ, ಹನುಮಂತಯ್ಯನವರಿಗೆ ಮುಖ್ಯಮಂತ್ರಿಯ ಪೀಠ ಒಲಿಯಲಿಲ್ಲ. ಅವರು ವಿಶಾಲ ರಾಜ್ಯದ ಮುಖ್ಯಮಂತ್ರಿಯಾಗುವ ಆಸೆಯಿಂದಲೇ ಏಕೀಕರಣಕ್ಕೆ ಒಪ್ಪಿದರೆಂದು ಆಡಿಕೊಂಡವರೂ ಇದ್ದರು. ಆಸೆ ಇದ್ದಿರಬಹುದು, ಸನ್ಯಾಸಿಗಳನ್ನೂ ಬಿಡದ ಆಸೆ ರಾಜಕಾರಣಿಯನ್ನು ಬಿಟ್ಟೀತೆ? ಆದರೆ ಮೇಲಿನ ಅಂಕಿಗಳನ್ನು ಅವರೂ ಓದಿದ್ದರು. ಹದಿನಾಲ್ಕು ಇಪ್ಪತ್ತಕ್ಕಿಂತ ಕಡಿಮೆಯೆಂಬುದು ಆ ಚತುರ ವಕೀಲರಿಗೆ ತಿಳಿಯದ್ದೇನಲ್ಲ.

ಮತದಾರರ ಇಂಥ ಮುನಿಸು ನಮ್ಮ ನಾಡಿನ ವಿಶೇಷವೇನಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಎಂಬ ವ್ಯಾಪಾರದ ಪಟ್ಟಣವು 1774ರಲ್ಲಿ ಎಡ್ಮಂಡ್ ಬರ್ಕ್ ಎಂಬ ಪ್ರಖ್ಯಾತ ವಾಗ್ಮಿಯನ್ನು ಪಾರ್ಲಿಮೆಂಟಿಗೆ ಆರಿಸಿ ಕಳುಹಿಸಿತು. ಗೆದ್ದ ದಿನವೇ ಆತ, ಪ್ರತಿನಿಧಿಯು ಮತದಾರರಿಗೆ ದುಡಿಮೆಯನ್ನಷ್ಟೇ ಅಲ್ಲದೆ ತನ್ನ ಸ್ವಂತ ವಿವೇಚನೆಯನ್ನೂ ಸಲ್ಲಿಸಬೇಕಾದವನು, ಅವರ ಅಪ್ಪಣೆಗಳನ್ನು ಹೊತ್ತೊಯ್ಯುವ ಆಳಲ್ಲ ಎಂಬ ಅರ್ಥದ ಮಾತನ್ನು ಅವರ ಮುಖಕ್ಕೇ ಹೇಳಿದನು. ವ್ಯಾಪಾರಿಗಳು ಚಪ್ಪಾಳೆ ತಟ್ಟಿರಬಹುದು. ನಾಲ್ಕು ವರ್ಷಗಳಲ್ಲಿ ಆತ ಐರ್ಲೆಂಡಿನ ವ್ಯಾಪಾರದ ಮೇಲಿನ ನಿರ್ಬಂಧಗಳನ್ನು ಸಡಿಲಿಸುವ ಪಕ್ಷ ವಹಿಸಿದಾಗ, ತಮ್ಮ ಗಲ್ಲಾಪೆಟ್ಟಿಗೆಗೆ ಕೈ ಹಾಕಿದನೆಂದು ಅವರೇ ಕೆರಳಿದರು. ಕ್ಯಾಥೋಲಿಕರ ಮೇಲಿನ ಕಟ್ಟಳೆಗಳನ್ನು ಸಡಿಲಿಸುವುದಕ್ಕೆ ಒಪ್ಪಿದ್ದು ಆ ಕಿಚ್ಚಿಗೆ ತುಪ್ಪವಾಯಿತು. 1780ರಲ್ಲಿ ಗೆಲ್ಲಲಾರೆನೆಂದು ಕಂಡು ಬರ್ಕ್ ಕಣದಿಂದಲೇ ಹಿಂದೆ ಸರಿದನು. ಇದೇ ಬರ್ಕ್ 1785ರಲ್ಲಿ ಆರ್ಕಾಟಿನ ನವಾಬನ ಸಾಲಗಳನ್ನು ಕುರಿತು ಮಾತನಾಡುತ್ತ ನಮ್ಮ ಮೈಸೂರಿನ ಹೈದರಾಲಿಯ ದಂಡಯಾತ್ರೆಯನ್ನು ರೋಮಾಂಚವಾಗುವಂತೆ ಬಣ್ಣಿಸಿದವನು. ಆ ಭಾಷಣವನ್ನು ಓದಲೆಂದು ಗ್ರಂಥಾಲಯದಲ್ಲಿ ತೆರೆದ ಪುಸ್ತಕದಲ್ಲಿಯೇ ಬ್ರಿಸ್ಟಲಿನ ಪ್ರಸಂಗವೂ ನಮ್ಮ ಕಣ್ಣಿಗೆ ಬಿದ್ದದ್ದು.

ಬರ್ಕನಿಗೆ ಒಂದು ಅನುಕೂಲವಿತ್ತು. ಹೇಳಬೇಕಾದುದನ್ನು ಮೊದಲೇ ಹೇಳಿಬಿಟ್ಟಿದ್ದನು. ಹನುಮಂತಯ್ಯನವರು 1952ರಲ್ಲಿ ಮತ ಕೇಳುವಾಗ, ಮುಂದೆ ನಾನು ಏಕೀಕರಣದ ಪರ ನಿಲ್ಲುವೆನೆಂದು ರಾಮನಗರದ ಸಂತೆಯಲ್ಲಿ ಡಂಗುರ ಹೊಡೆಸಿದ್ದರೇ? ಆ ವೃದ್ಧ ಗೌಡರ ಮಾತಿನಲ್ಲಿ ಅಂಥ ನೆನಪೇನೂ ಇರಲಿಲ್ಲ. ಆದರೆ 1920ರ ನಾಗಪುರದ ಅಧಿವೇಶನದಿಂದ ಕಾಂಗ್ರೆಸ್ಸು ಭಾಷೆಗನುಗುಣವಾಗಿ ಪ್ರಾಂತ ಸಮಿತಿಗಳನ್ನು ರಚಿಸಿಕೊಂಡಿತ್ತು, ಭಾಷಾವಾರು ಪ್ರಾಂತಗಳ ಮಾತು ಆ ಪಕ್ಷಕ್ಕೆ ಹೊಸದಲ್ಲ. ನೊಗ ಹೊತ್ತ ಜೋಡೆತ್ತಿನ ಚಿಹ್ನೆಗೆ ಮತ ಹಾಕಿದವರು ಆ ಮಾತಿಗೂ ಮತ ಹಾಕಿದಂತೆಯೇ ಸರಿ ಎಂದು ಒಬ್ಬ ತಾರ್ಕಿಕ ವಾದಿಸಬಹುದು. ನಮಗೆ ಆ ವಾದ ಪೂರ್ತಿ ರುಚಿಸದು. ಜನ ಮತ ಹಾಕಿದ್ದು ಪಕ್ಷದ ನಿರ್ಣಯಗಳನ್ನು ಓದಿಕೊಂಡಲ್ಲ, ನಮ್ಮ ಮನುಷ್ಯನೆಂದು. 'ನಮ್ಮವನು' ಎಂಬ ಒಂದು ಪದದಲ್ಲಿ, ಆತ ಎಂದೂ ಆಡಿರದ ನೂರು ವಚನಗಳನ್ನು ನಾವೇ ಆತನ ಬಾಯಲ್ಲಿ ತುಂಬಿಬಿಟ್ಟಿರುತ್ತೇವೆ. ಮುಂದೆ ಅವುಗಳಲ್ಲೊಂದು ತಪ್ಪಿದರೆ, ಕೊಟ್ಟ ಮಾತಿಗೆ ತಪ್ಪಿದನೆನ್ನುತ್ತೇವೆ.

ಹಾಗೆಂದು ಆ ಮತದಾರರ ಭಯ ಹುಸಿಯಾಯಿತೇ? ಇಲ್ಲ. ಇದನ್ನು ಈ ಪತ್ರಿಕೆಯ ಪುಟಗಳಲ್ಲಿ ನಾವೇ ಹೇಳುವುದು ಒಳ್ಳೆಯದು. ನಿಜಲಿಂಗಪ್ಪನವರ ತರುವಾಯ 1958ರಲ್ಲಿ ಬಿ. ಡಿ. ಜತ್ತಿಯವರು, 1962ರಲ್ಲಿ ಕೆಲಕಾಲ ಎಸ್. ಆರ್. ಕಂಠಿಯವರು, ಮತ್ತೆ ನಿಜಲಿಂಗಪ್ಪನವರು, 1968ರಿಂದ 1971ರವರೆಗೆ ವೀರೇಂದ್ರ ಪಾಟೀಲರು, ಹೀಗೆ ಏಕೀಕರಣದ ಮೊದಲ ಹದಿನೈದು ವರ್ಷಗಳಲ್ಲಿ ಆಳಿದವರೆಲ್ಲ ಲಿಂಗಾಯತ ಮನೆಗಳಿಂದ ಬಂದವರು. 1956ರಲ್ಲಿ ಕಡಿದಾಳು ಮಂಜಪ್ಪನವರು ಇಳಿದ ಮೇಲೆ ಒಕ್ಕಲಿಗರೊಬ್ಬರು ಮತ್ತೆ ಮುಖ್ಯಮಂತ್ರಿಯಾದದ್ದು 1994ರ ಡಿಸೆಂಬರಿನಲ್ಲಿ, ಎಚ್. ಡಿ. ದೇವೇಗೌಡರು. ಮೂವತ್ತೆಂಟು ವರ್ಷ! ಅವರು ಆಯ್ಕೆಯಾಗಿ ಬಂದ ಕ್ಷೇತ್ರವೂ ರಾಮನಗರವೇ. ನಮಗೆ ಬೀಗದ ಕೈಯ ಮಾತನ್ನಾಡಿದ ವೃದ್ಧರು ಆ ದಿನವನ್ನು ನೋಡಲು ಉಳಿದಿರಲಿಲ್ಲ.

ಹೀಗಿರಲು ಹನುಮಂತಯ್ಯನವರು ಮಾಡಿದ್ದು ತಮ್ಮವರಿಗೆ ನಷ್ಟದ ಬಾಬತ್ತೆಂದು ತಿಳಿದೇ ಮಾಡಿದ್ದು. ಲಾಭ ನಮ್ಮವರದಾಯಿತು. ಧಾರವಾಡದ, ಕಲಬುರಗಿಯ ನಮ್ಮ ಮನೆಗಳ ಮಕ್ಕಳು ಮುಂಬಯಿ, ಹೈದರಾಬಾದುಗಳ ಕಡೆಗೆ ಮುಖಮಾಡಿ ಪರಭಾಷೆಯ ಕಚೇರಿಗಳಲ್ಲಿ ಕೈಕಟ್ಟಿ ನಿಲ್ಲುವುದು ತಪ್ಪಿತು. ಕನ್ನಡ ಬಲ್ಲ ಮಂತ್ರಿಗೆ ಕನ್ನಡದಲ್ಲಿ ಅರ್ಜಿ ಬರೆಯುವ ದಿನ ಬಂತು. ನಮ್ಮ ವಿದ್ಯಾಸಂಸ್ಥೆಗಳು ಎರಡೂ ಸೀಮೆಗಳಲ್ಲಿ ಬೆಳೆದವು. ಆದರೂ ನಮ್ಮ ಸಭೆಗಳಲ್ಲಿ ಆ ಮನುಷ್ಯನ ಹೆಸರು ಕೇಳಿಬರುವುದು ಕಟ್ಟಡದ ಪ್ರಸ್ತಾಪ ಬಂದಾಗ ಮಾತ್ರ. ಕಲ್ಲು ಕಟ್ಟಿಸಿದ್ದನ್ನು ನೆನೆಯುತ್ತೇವೆ, ರಾಜ್ಯ ಕಟ್ಟುವುದಕ್ಕೆ ತನ್ನವರ ಮುನಿಸನ್ನು ಹೊತ್ತದ್ದನ್ನು ಮರೆತಿದ್ದೇವೆ.

ನಮ್ಮವರು ಇಂಥ ಮುನಿಸಿಗೆ ಹೊರತಾದವರೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಮನೆಯ ಮಾತನ್ನೇ ಹೇಳುತ್ತೇವೆ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ತಿದ್ದುಪಡಿ ಕಾನೂನನ್ನು ಜಾರಿಗೆ ತಂದಾಗ ನಾವು ಪ್ರೌಢಶಾಲೆಯಲ್ಲಿದ್ದೆವು. ನಮ್ಮ ದೊಡ್ಡಪ್ಪನವರ ಗೇಣಿ ಜಮೀನು ಹನ್ನೊಂದು ಎಕರೆ ಇತ್ತು. ಉಳುತ್ತಿದ್ದ ರೈತ ಏಳನೆಯ ನಮೂನೆಯ ಅರ್ಜಿ ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟನು, ಜಮೀನು ಅವನದಾಯಿತು. ದೊಡ್ಡಪ್ಪನವರಿಗೆ ಆ ರೈತನ ಮೇಲೆ ಅಷ್ಟು ಸಿಟ್ಟಿರಲಿಲ್ಲ. ಕಾನೂನು ಇದ್ದಾಗ ಅವನು ಬಿಟ್ಟಾನೆಯೇ ಎನ್ನುತ್ತಿದ್ದರು. ಅವರ ಸಿಟ್ಟೆಲ್ಲ ನಮ್ಮದೇ ಜನಾಂಗದ ಸ್ಥಳೀಯ ಶಾಸಕರೊಬ್ಬರ ಮೇಲೆ. ಆ ಕಾನೂನಿಗೆ ಕೈಯೆತ್ತಿದ್ದಲ್ಲದೆ ಊರೂರಿಗೆ ಬಂದು ಅದು ಸರಿಯೆಂದು ವಿವರಿಸಿದ ಧೈರ್ಯಸ್ಥರು ಅವರು. ಜಾತ್ರೆಯಲ್ಲಿ ಎದುರಾದರೆ ದೊಡ್ಡಪ್ಪನವರು ಮುಖ ತಿರುಗಿಸುತ್ತಿದ್ದರು. ಅವರ ಮಗಳ ಮದುವೆಯ ಕರೆಯೋಲೆ ಬಂದಾಗ ಅದನ್ನು ಓದದೆ ಗೂಡಿನಲ್ಲಿಟ್ಟರು. ನಾವು ಚಿಕ್ಕವರು, ನಾವೂ ಆ ಶಾಸಕರನ್ನು ದ್ರೋಹಿಯೆಂದೇ ತಿಳಿದಿದ್ದೆವು. ಮಠಕ್ಕೆ ಸೇರಿದ ಮೇಲೆ ಅಲ್ಲಿ ನಮ್ಮ ಪಂಕ್ತಿಯಲ್ಲಿ ಕುಳಿತು ಪ್ರಸಾದ ಮಾಡುತ್ತಿದ್ದ ಸಹಪಾಠಿಯೊಬ್ಬ, ತನ್ನ ತಂದೆಗೆ ಗೇಣಿಯ ನಾಲ್ಕೆಕರೆ ದಕ್ಕಿದ ದೆಸೆಯಿಂದ ತಾನು ಓದಲು ಬರುವಂತಾಯಿತೆಂದು ಒಮ್ಮೆ ಹೇಳಿದನು. ಆ ಸಂಜೆ ನಮಗೆ ಪಾಠ ತಲೆಗೆ ಹತ್ತಲಿಲ್ಲ. ದೊಡ್ಡಪ್ಪನವರಿಗೆ ಈ ಮಾತನ್ನು ಹೇಳುವ ಎದೆ ನಮಗೆ ಕೊನೆಯವರೆಗೂ ಬರಲಿಲ್ಲ.

ಈಚಿನ ದಿನಗಳ ಒಂದು ವಿಚಿತ್ರವನ್ನೂ ಇಲ್ಲಿ ನೆನೆಯಬೇಕು. 2019ರಲ್ಲಿ ನಮ್ಮ ರಾಜ್ಯದ ಹದಿನೇಳು ಶಾಸಕರು ತಮ್ಮ ಪಕ್ಷಗಳಿಗೆ ಬೆನ್ನು ತಿರುಗಿಸಿ ಅನರ್ಹರಾದರು. ಸರ್ಕಾರ ಉರುಳಿತು. ಅದೇ ಡಿಸೆಂಬರಿನಲ್ಲಿ 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದಾಗ, ಮತ್ತೆ ಸ್ಪರ್ಧಿಸಿದವರಲ್ಲಿ ಹೆಚ್ಚಿನವರನ್ನು ಮತದಾರರು ಹಾರ ಹಾಕಿ ಕಳುಹಿಸಿದರು. ಪಕ್ಷ ಬಿಟ್ಟದ್ದಕ್ಕೆ ಮುನಿಸಿಲ್ಲ, ಸರ್ಕಾರ ಕೆಡವಿದ್ದಕ್ಕೆ ಮುನಿಸಿಲ್ಲ. ನಮ್ಮವನು ನಮ್ಮವನಾಗಿಯೇ ಉಳಿದು ಅತ್ತಿತ್ತ ಜಿಗಿದರೆ ನಮಗೆ ಬಾಧಕವಿಲ್ಲ. ಇದ್ದಲ್ಲಿಯೇ ಇದ್ದು, ಎದುರಿಗೇ ನಿಂತು, ನೀವೆಣಿಸಿದ್ದು ತಪ್ಪು ಎಂದವನನ್ನು ಮಾತ್ರ ಮೂವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಳ್ಳುತ್ತೇವೆ. ಇದರ ಅರ್ಥವೇನೆಂದು ನಮಗೆ ಇನ್ನೂ ಬಗೆಹರಿದಿಲ್ಲ.

ಹನುಮಂತಯ್ಯನವರ ಉಳಿದ ಕಥೆಯನ್ನು ಚಿಕ್ಕದಾಗಿ ಹೇಳಬಹುದು. ಶಾಸಕರು ಕೈಬಿಟ್ಟರೂ 1957ರ ಚುನಾವಣೆಯಲ್ಲಿ ರಾಮನಗರದ ಮತದಾರರು ಅವರನ್ನೇ ಮತ್ತೆ ಆರಿಸಿದರು. 1962, 1967, 1971ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಗೆದ್ದರು, ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು, ರೈಲ್ವೆ ಮಂತ್ರಿಗಳಾದರು, 1977ರಲ್ಲಿ ಸೋತರು, 1980ರ ಡಿಸೆಂಬರ್ 1ರಂದು ತೀರಿಕೊಂಡರು. ಆ ರಾತ್ರಿ ಜಗಲಿಯ ಮೇಲೆ ನಾವು ಗೌಡರನ್ನು, "ಹಾಗಾದರೆ ಗೌಡರೇ, ಐವತ್ತೇಳರಲ್ಲಿ ತಾವು ಯಾರಿಗೆ ಮತ ಹಾಕಿದಿರಿ?" ಎಂದು ಕೇಳಿದ್ದೆವು. ಅವರು ಸುಣ್ಣದ ಡಬ್ಬಿಯ ಮುಚ್ಚಳ ಹಾಕಿ, "ಇನ್ಯಾರಿಗೆ ಹಾಕಾನ ಅಯ್ನೋರೆ, ಅವನಿಗೇ. ಮನೆ ಮುಂದೆ ಬಂದು ನಿಂತ್ಕಂಡು, ನಾನು ಮಾಡಿದ್ದು ಸರಿಯಾಗೈತೆ, ಬೇಕಾದ್ರೆ ಹಾಕಿ ಇಲ್ದಿದ್ರೆ ಬಿಡಿ ಅಂದ. ಬೈದು ಹಾಕ್ದೋ" ಎಂದರು.

ಪ್ರಸಾದನಿಲಯದಿಂದ ಮರಳಿದ ಮೇಲೆ ಬೆಂಗಳೂರಿನ ಒಂದು ಛಾಯಾಚಿತ್ರದ ಅಂಗಡಿಯಿಂದ ಹನುಮಂತಯ್ಯನವರ ಭಾವಚಿತ್ರವನ್ನು ತರಿಸಿ, ಚೌಕಟ್ಟು ಹಾಕಿಸಿ, ವ್ಯವಸ್ಥಾಪಕರಿಗೆ ಬಸ್ಸಿನಲ್ಲಿ ಕಳುಹಿಸಿಕೊಟ್ಟೆವು. ಸಾಲಿನಲ್ಲಿ ಜಾಗವಿಲ್ಲದ ಕಾರಣ ಬಾಗಿಲಿನ ಮೇಲ್ಭಾಗದಲ್ಲಿ ತೂಗುಹಾಕಿರುವುದಾಗಿಯೂ, ಒಳಗೆ ಬರುವ ಹುಡುಗರು ಇವರಾರೆಂದು ಕೇಳುತ್ತಿರುವುದಾಗಿಯೂ, ಅದನ್ನು ಒಂದು ಪುಟದಲ್ಲಿ ಬರೆದು ಕಳುಹಿಸಬೇಕೆಂದೂ ಅವರು ಕಾಗದ ಬರೆದರು. ಒಂದು ಪುಟದಲ್ಲಿ ನಮಗದು ಮುಗಿಯಲಿಲ್ಲ.